ಬೇಡಿಕೆಯ ರೇಖೆಯಲ್ಲಿ ಗ್ಯಾಸ್ ಪೀಕಿಂಗ್ ಸ್ಥಾವರದ ಕೆಲಸವನ್ನು ಗುರುತಿಸುವ ಬಗೆ

ವಿದ್ಯುತ್ ಬೇಡಿಕೆ ಶಿಖರಕ್ಕೇರಿದಾಗ ಮಾತ್ರ ಓಡಿಸುವ ನೈಸರ್ಗಿಕ ಅನಿಲದ ಪೀಕಿಂಗ್ ಸ್ಥಾವರವು ಗ್ರಿಡ್‌ಗೆ ಏಕೆ ಬೇಕು ಎಂಬುದನ್ನು ತಿಳಿಯಬಯಸುವವರು ಸ್ಥಾವರಕ್ಕಿಂತ ಮೊದಲು ಒಂದು ದಿನದ ಬೇಡಿಕೆಯ ರೇಖೆಯನ್ನು ಓದಲು ಕಲಿಯಬೇಕು. ಅಭ್ಯಾಸಕ್ಕೆ ಕ್ಯಾಲಿಫೋರ್ನಿಯಾದ ಗ್ರಿಡ್ ಸೂಕ್ತವಾದದ್ದು, ಏಕೆಂದರೆ ಅದನ್ನು ನಿರ್ವಹಿಸುವ ಕ್ಯಾಲಿಫೋರ್ನಿಯಾ ಐಎಸ್‌ಒ ಸಂಸ್ಥೆಯು ಬೇಡಿಕೆ ಮತ್ತು ಪೂರೈಕೆಯ ಅಂಕಿಗಳನ್ನು ಎಲ್ಲರಿಗೂ ಲಭ್ಯವಾಗುವಂತೆ ಪ್ರಕಟಿಸುತ್ತದೆ. ಬೇಡಿಕೆ 52,061 ಮೆಗಾವಾಟ್‌ಗೆ ಏರಿ ದಾಖಲೆಯಾದ 2022ರ ಸೆಪ್ಟೆಂಬರ್ 6ನ್ನು ಆರಿಸಿಕೊಳ್ಳಿ.

ಒಟ್ಟು ಬೇಡಿಕೆಯಿಂದ ಸೌರ ಮತ್ತು ಪವನ ವಿದ್ಯುತ್ತನ್ನು ಕಳೆದರೆ ನಿವ್ವಳ ಬೇಡಿಕೆ ಸಿಗುತ್ತದೆ. ಈ ರೇಖೆ ಹಗಲಿನಲ್ಲಿ ತಗ್ಗಿ, ಹೊತ್ತು ಇಳಿಯುತ್ತಿದ್ದಂತೆ ಕಡಿದಾಗಿ ಏರುತ್ತದೆ, ಮತ್ತು ಅದರ ಶಿಖರ ಒಟ್ಟು ಬೇಡಿಕೆಯ ಶಿಖರಕ್ಕಿಂತ ತಡವಾಗಿ ಬರುತ್ತದೆ. ಈ ಅಂತರವನ್ನು ಕಡೆಗಣಿಸಬಾರದು: 2020ರ ಆಗಸ್ಟ್ 14 ಮತ್ತು 15ರಂದು ಅಲ್ಲಿ ಸರದಿಯಂತೆ ವಿದ್ಯುತ್ ಕಡಿತ ಮಾಡಬೇಕಾಗಿ ಬಂದದ್ದು ಒಟ್ಟು ಬೇಡಿಕೆ ಇಳಿಯತೊಡಗಿದ ಮೇಲೆ, ಸಂಜೆ ಆರೂವರೆಯ ಸುಮಾರಿಗೆ.

ಈಗ ಅನಿಲದ ಪಾಲನ್ನು ನೋಡಿ. ಇಲ್ಲಿ ಎಚ್ಚರಿಕೆ ಅಗತ್ಯ, ಏಕೆಂದರೆ ಸಂಸ್ಥೆಯ ಪೂರೈಕೆಯ ರೇಖಾನಕ್ಷೆಯು ಎಲ್ಲ ಅನಿಲ ಸ್ಥಾವರಗಳನ್ನೂ ಒಂದೇ ಬಣ್ಣದಲ್ಲಿ ತೋರಿಸುತ್ತದೆ. ರಾತ್ರಿಯಿಡೀ ಸಮನಾಗಿ ಸಾಗುವ ಭಾಗ ಹೆಚ್ಚಾಗಿ ಕಂಬೈನ್ಡ್ ಸೈಕಲ್ ಸ್ಥಾವರಗಳದ್ದು. ಅವು ಟರ್ಬೈನಿನಿಂದ ಹೊರಬೀಳುವ ಬಿಸಿ ಅನಿಲದಿಂದ ಉಗಿ ಮಾಡಿ ಎರಡನೆಯ ಟರ್ಬೈನನ್ನೂ ತಿರುಗಿಸುತ್ತವೆ. ಪೀಕಿಂಗ್ ಘಟಕದಲ್ಲಿ ಸಾಮಾನ್ಯವಾಗಿ ಹೀಗೆ ಉಗಿ ಮಾಡುವ ಬಾಯ್ಲರ್ ಇರುವುದಿಲ್ಲ. ಪಾಮ್ ಸ್ಪ್ರಿಂಗ್ಸ್ ಬಳಿಯ ಮರುಭೂಮಿಯಲ್ಲಿರುವ ಸೆಂಟಿನೆಲ್ ಸ್ಥಾವರದಲ್ಲಿ ತಲಾ ಸುಮಾರು 100 ಮೆಗಾವಾಟ್‌ನ ಎಂಟು ಎಲ್‌ಎಂಎಸ್100 ಟರ್ಬೈನುಗಳಿವೆ. ಆದೇಶ ಬಂದೊಡನೆ ಸ್ಟಾರ್ಟರ್ ಶಾಫ್ಟನ್ನು ತಿರುಗಿಸುತ್ತದೆ, ದಹನಕೋಣೆಯಲ್ಲಿ ಅನಿಲ ಹೊತ್ತಿಕೊಳ್ಳುತ್ತದೆ, ವೇಗವು ಗ್ರಿಡ್‌ನ 60 ಹರ್ಟ್ಸ್‌ಗೆ ಕೂಡಿಕೊಂಡ ಮೇಲೆ ಬ್ರೇಕರ್ ಎಂಬ ಸ್ವಿಚ್ ಕೂಡಿಕೊಂಡು ಘಟಕವನ್ನು ಗ್ರಿಡ್‌ಗೆ ಜೋಡಿಸುತ್ತದೆ; ಸುಮಾರು ಹತ್ತು ನಿಮಿಷದಲ್ಲಿ ಘಟಕ ಪೂರ್ಣ ಹೊರೆ ಹೊರುತ್ತದೆ.

ಈ ವೇಗಕ್ಕೆ ತೆರುವ ಬೆಲೆಯನ್ನೂ ಲೆಕ್ಕ ಹಾಕಿ. ಪೀಕಿಂಗ್ ಘಟಕದ ದಕ್ಷತೆ ಶೇ. 40 ಎಂದುಕೊಂಡರೆ ಒಂದು ಯೂನಿಟ್ ವಿದ್ಯುತ್ತಿಗೆ 9 ಮೆಗಾಜೂಲ್ ಇಂಧನ ಬೇಕು, ಶೇ. 60 ಮುಟ್ಟುವ ಉತ್ತಮ ಕಂಬೈನ್ಡ್ ಸೈಕಲ್‌ಗೆ 6 ಸಾಕು. ಒಂದು ಘಟಕ ವರ್ಷದಲ್ಲಿ 120 ದಿನ, ದಿನಕ್ಕೆ ನಾಲ್ಕು ಗಂಟೆ ಓಡಿತೆಂದು ಇಟ್ಟುಕೊಂಡರೆ 8,760 ಗಂಟೆಗಳಲ್ಲಿ ಅದು ದುಡಿದದ್ದು 480 ಮಾತ್ರ, ಅಂದರೆ ಶೇ. 5.5. ಇಷ್ಟು ಕಡಿಮೆ ದುಡಿಯುವ ಯಂತ್ರ ದಂಡವೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಸಿದ್ಧವಾಗಿರುವುದೇ ಅದರ ಮುಖ್ಯ ಸೇವೆ, ಆದ್ದರಿಂದ ಸಾಮರ್ಥ್ಯಕ್ಕೆಂದೇ ಪ್ರತ್ಯೇಕ ಹಣ ಕೊಡುವ ಒಪ್ಪಂದಗಳಿವೆ.

ಸಂಜೆಯ ಏರಿನಲ್ಲಿ ಬ್ಯಾಟರಿ, ಜಲವಿದ್ಯುತ್, ಆಮದು ಇವುಗಳ ಪಾಲನ್ನೂ ಬೇರೆಯಾಗಿ ಗುರುತಿಸಿಕೊಳ್ಳಿ. 2024ರಲ್ಲಿ ಕ್ಯಾಲಿಫೋರ್ನಿಯಾದ ಬ್ಯಾಟರಿ ಸಾಮರ್ಥ್ಯ 10,000 ಮೆಗಾವಾಟ್ ದಾಟಿದ್ದರಿಂದ, ಆ ಬಳಿಕದ ದಿನಗಳ ನಕ್ಷೆಯಲ್ಲಿ ಪೀಕರ್‌ಗಳ, ಅಂದರೆ ಪೀಕಿಂಗ್ ಸ್ಥಾವರಗಳ, ಪಾತ್ರ ಬದಲಾಗಿರುವುದನ್ನು ಹುಡುಕಬಹುದು. ಇದೇ ಓದನ್ನು ಕರ್ನಾಟಕಕ್ಕೆ ಅನ್ವಯಿಸುವವರು ಯಲಹಂಕದ 370 ಮೆಗಾವಾಟ್ ಅನಿಲ ಸ್ಥಾವರವನ್ನು ಪೀಕರ್ ಎಂದು ಎಣಿಸಬಾರದು, ಅದು ಕಂಬೈನ್ಡ್ ಸೈಕಲ್. ಏರುವ ಬೇಡಿಕೆಗೆ ಬೇಗನೆ ಓಗೊಡುವ ಕೆಲಸವನ್ನು ಇಲ್ಲಿ ಶರಾವತಿ, ವಾರಾಹಿಗಳ ಜಲಾಶಯದ ನೀರಿನಲ್ಲಿ ಹುಡುಕಬೇಕು.