ಹಳೇ ಪದ್ಮಿನಿಗೆ ಹೊಳಪು: ಮಷಿನ್ ಬೇಡ, ಕೈ ಸಾಕು

ಕಳೆದ ವರ್ಷ ನಮ್ಮ ಬೀದಿಯ ಹಿರಿಯರೊಬ್ಬರು ತಮ್ಮ 1984ರ ಪ್ರೀಮಿಯರ್ ಪದ್ಮಿನಿಯನ್ನು ಪಾಲಿಶ್‌ಗೆ ಬಿಟ್ಟಿದ್ದರು. ಸಂಜೆ ವಾಪಸ್ ಬಂದ ತಿಳಿನೀಲಿ ಕಾರು ದೂರದಿಂದ ಫಳಫಳ ಅನ್ನುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಮಡ್‌ಗಾರ್ಡ್ ಏಣಿನ ಉದ್ದಕ್ಕೂ ಬಣ್ಣವೇ ಇಲ್ಲ. ಬಣ್ಣದಡಿಯ ಬೂದು ಪ್ರೈಮರ್ ದಾರದ ಎಳೆಯಂತೆ ಇಣುಕುತ್ತಿತ್ತು. ನಲವತ್ತು ವರ್ಷ ಬಿಸಿಲು ಮಳೆ ತಡೆದ ಕಂಪನಿ ಬಣ್ಣ ಬಫಿಂಗ್ ಮಷಿನ್ ಕೆಳಗೆ ಒಂದೇ ಮಧ್ಯಾಹ್ನಕ್ಕೆ ಹೋಗಿತ್ತು. ಅದನ್ನು ಮತ್ತೆ ತರಲು ಯಾರಿಂದಲೂ ಆಗುವುದಿಲ್ಲ. ಹೊಸ ಪೇಂಟ್ ಹೊಡೆಸಬಹುದು, ಅಷ್ಟೇ.

ಇಂಥದ್ದನ್ನು ನಾನು ಹಲವು ಸಲ ನೋಡಿದ್ದೇನೆ. ಹಳೇ ಕಾರಿಗೆ ಕೈಯಲ್ಲೇ ಪಾಲಿಶ್ ಮಾಡಿ. ಕೆಲವು ಭಾನುವಾರ ಬೇಕಾಗುತ್ತದೆ, ಆದರೆ ಬಣ್ಣ ಉಳಿಯುತ್ತದೆ.

ಬಣ್ಣ ಯಾವ ಥರದ್ದು?

ಈಗಿನ ಬಹುತೇಕ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತದೆ. ಹಳೇ ಪದ್ಮಿನಿ, ಅಂಬಾಸಿಡರ್‌ಗಳ ಸಾದಾ ಬಣ್ಣಗಳಲ್ಲಿ ಅದಿಲ್ಲ. ಹೊಳೆಯುವುದು ಬಣ್ಣವೇ. ಬಿಸಿಲು ಮತ್ತು ಗಾಳಿಗೆ ಬಣ್ಣವನ್ನು ಹಿಡಿದಿಟ್ಟ ಅಂಟು ಸವೆಯುತ್ತದೆ. ಆಗ ಮೇಲಿನ ಪದರ ಸುಣ್ಣದ ಗೋಡೆಯಂತೆ ಮಂಕಾಗಿ, ಮುಟ್ಟಿದರೆ ಕೈಗೆ ಪುಡಿ ಹತ್ತುತ್ತದೆ. ಸತ್ತಿರುವುದು ಮೇಲಿನ ತೆಳು ಪದರ ಮಾತ್ರ. ಅದರ ಕೆಳಗೆ ಸಾಮಾನ್ಯವಾಗಿ ಒಳ್ಳೇ ಬಣ್ಣ ಇರುತ್ತದೆ.

ಡಿಕ್ಕಿಯ ಕೆಳಗೆ, ಕಣ್ಣಿಗೆ ಬೀಳದ ಕಡೆ, ಬಿಳಿ ಬನಿಯನ್ ಬಟ್ಟೆಗೆ ಚೂರು ಪಾಲಿಶ್ ಹಚ್ಚಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಬಂತಾ? ಹಾಗಾದರೆ ಮೇಲೆ ಕ್ಲಿಯರ್ ಇಲ್ಲ, ಮುಂದೆ ಓದಿ. ಬರಲಿಲ್ಲ ಅಂದರೆ ನಡುವೆ ಯಾರೋ ಕ್ಲಿಯರ್ ಹಾಕಿ ಪೇಂಟ್ ಮಾಡಿಸಿದ್ದಾರೆ. ಆ ಕ್ಲಿಯರ್ ಸಿಪ್ಪೆಯಂತೆ ಏಳುತ್ತಿದ್ದರೆ, ಅಥವಾ ಬಣ್ಣ ಒಣಗಿದ ಕೆರೆಯ ತಳದಂತೆ ಬಿರುಕು ಬಿಟ್ಟಿದ್ದರೆ, ಯಾವ ಪಾಲಿಶ್‌ನಿಂದಲೂ ಸರಿಹೋಗುವುದಿಲ್ಲ.

ತೊಳೆಯುವುದು, ಕ್ಲೇ ಎಳೆಯುವುದು

ನೆರಳಲ್ಲಿ ನಿಲ್ಲಿಸಿ ಕಾರ್ ಶಾಂಪೂ ಹಾಕಿ ತೊಳೆದು ಒರೆಸಿ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ.

ಈಗ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಬೆರಳಾಡಿಸಿ. ಬರಿಗೈಗೆ ಗೊತ್ತಾಗದ ತರಿತರಿ ಆಗ ಗೊತ್ತಾಗುತ್ತದೆ. ಮಾವಿನ ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಂತೂ ಅಂಟು ಹನಿಗಳು ಜಾಸ್ತಿ. ಶಾಂಪೂ ನೀರು ಸಿಂಪಡಿಸಿ, ಕ್ಲೇ ಬಾರ್ (ಬಣ್ಣಕ್ಕೆ ಅಂಟಿದ ಕೊಳೆ ಎತ್ತುವ, ಜೇಡಿಮಣ್ಣಿನಂಥ ಮೆತ್ತನೆ ತುಂಡು) ಅನ್ನು ಒತ್ತದೆ ಎಳೆಯಿರಿ. ಕ್ಲೇ ನೆಲಕ್ಕೆ ಬಿದ್ದರೆ ಎಸೆದುಬಿಡಿ. ಅದರಲ್ಲಿ ಸಿಕ್ಕ ಒಂದು ಮರಳ ಕಣ ಸಾಕು ಇಡೀ ಬಾಗಿಲಿಗೆ ಗೀರು ಬೀಳಲು.

ಒಂದು ರಾತ್ರಿ ಎಣ್ಣೆ ಕುಡಿಸಿ

ಇದನ್ನು ಬಹಳ ಜನ ಮಾಡುವುದೇ ಇಲ್ಲ. ಒಣಗಿದ ಬಣ್ಣವನ್ನು ನೇರವಾಗಿ ಉಜ್ಜಬಾರದು. ಎಣ್ಣೆ ಅಂಶ ಜಾಸ್ತಿ ಇರುವ, ತರಿ ಇಲ್ಲದ ಗ್ಲೇಜ್ ಸಿಗುತ್ತದೆ. ಮೆಗ್ವಾಯರ್ಸ್‌ನ 7ನೇ ನಂಬರಿನ ಗ್ಲೇಜ್ ಹಳೇ ಕಾರಿನವರಲ್ಲಿ ಹೆಸರುವಾಸಿ. ಟರ್ಕಿ ಟವೆಲ್ ತುಂಡಿನಿಂದ ಧಾರಾಳವಾಗಿ ಹಚ್ಚಿ, ಚೆನ್ನಾಗಿ ತಿಕ್ಕಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒರೆಸಿ ನೋಡಿದರೆ ಬಣ್ಣ ಗಾಢವಾಗಿರುತ್ತದೆ. ಕೆಲವು ಕಡೆ ಕಾಂಪೌಂಡ್, ಅಂದರೆ ಮೇಲ್ಪದರ ಉಜ್ಜಿ ತೆಗೆಯುವ ಪೇಸ್ಟ್, ಬೇಕೇ ಆಗುವುದಿಲ್ಲ.

ಇದೇ ನೆಪದಲ್ಲಿ ಡೀಸೆಲ್, ಸೀಮೆಎಣ್ಣೆ, ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಸಂಜೆಯವರೆಗೆ ಹೊಳಪು, ಆಮೇಲೆ ಧೂಳು ಮೆತ್ತಿಕೊಳ್ಳುತ್ತದೆ. ಡ್ಯಾಶ್‌ಬೋರ್ಡ್‌ಗೆ ಹಾಕುವ ಸಿಲಿಕೋನ್ ಸ್ಪ್ರೇಯನ್ನೂ ಕಾರಿನ ಮೈಗೆ ಹೊಡೆಯಬೇಡಿ. ಮುಂದೆ ಅಲ್ಲಿ ಪೇಂಟ್ ಮಾಡಿಸುವಾಗ ಬಣ್ಣ ಕೂರದೆ ಗುಳಿ ಗುಳಿ ಏಳುತ್ತದೆ. ಪೇಂಟರ್‌ಗಳು ಅದಕ್ಕೆ ಫಿಶ್ ಐ ಅನ್ನುತ್ತಾರೆ.

ಕಾಂಪೌಂಡ್: ಕೆಲಸ ಕೆಡುವುದು ಇಲ್ಲೇ

ಅಂಗಡಿಯಲ್ಲಿ ಸುಮ್ನೆ "ರಬ್ಬಿಂಗ್ ಕಾಂಪೌಂಡ್ ಕೊಡಿ" ಅಂದರೆ ಒರಟು ಡಬ್ಬಿ ಕೊಡುತ್ತಾರೆ. ಅದು ಹೊಸದಾಗಿ ಪೇಂಟ್ ಹೊಡೆದು ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಎಳೆದ ಮೇಲೆ ಬಳಸುವಂಥದ್ದು. ನಿಮಗೆ ಬೇಕಿರುವುದು ನಯವಾದದ್ದು. ಎರಡು ಬೆರಳ ನಡುವೆ ತಿಕ್ಕಿ ನೋಡಿ. ಮರಳಿನಂತೆ ಸಿಕ್ಕರೆ ಬೇಡ.

ಮೊದಲು ಮಾಸ್ಕಿಂಗ್ ಟೇಪ್ ತೆಗೆದುಕೊಳ್ಳಿ. ಬಾನೆಟ್‌ನ ಅಂಚು, ಬಾಗಿಲಿನ ಅಂಚು, ಮಡ್‌ಗಾರ್ಡ್ ಮೇಲಿನ ಏಣು, ಹಿಂದಿನ ರೆಕ್ಕೆಯಂಥ ಅಂಚು ಎಲ್ಲಕ್ಕೂ ಅಂಟಿಸಿ. ಏಣಿನ ಮೇಲೆ ಬಣ್ಣ ಮೊದಲಿಂದಲೇ ತೆಳು. ಜೊತೆಗೆ ಕೈಯ ಭಾರವೆಲ್ಲ ಅಲ್ಲಿಗೇ ಬೀಳುತ್ತದೆ. ನಮ್ಮ ಬೀದಿಯ ಕಾರಿನಲ್ಲಿ ಪ್ರೈಮರ್ ಕಂಡಿದ್ದು ಇದಕ್ಕೇ. ಕಾರಿನ ಬಣ್ಣವೆಲ್ಲ ಸೇರಿದರೂ ದಪ್ಪ ಹೆಚ್ಚುಕಮ್ಮಿ ಒಂದು ಕಾಗದದ ಹಾಳೆಯಷ್ಟು ಅನ್ನುವುದು ನೆನಪಿರಲಿ.

ಮುಂಗೈಯಿಂದ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ಕಾಯಿರಿ. ಬಿಸಿ ತಗಡಿನ ಮೇಲೆ ಕಾಂಪೌಂಡ್ ಒಣಗಿ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ.

ಒಂದು ಸಲಕ್ಕೆ ಒಂದೂವರೆ ಅಡಿ ಚೌಕ ಮಾತ್ರ. ಸ್ಪಾಂಜ್ ಪ್ಯಾಡ್ ಅನ್ನು ಸ್ವಲ್ಪ ಒದ್ದೆ ಮಾಡಿ, ಕಡಲೆಕಾಳಿನಷ್ಟು ಕಾಂಪೌಂಡ್ ನಾಲ್ಕು ಕಡೆ ಇಡಿ. ಬಟ್ಟೆ ಮಡಚಿ ಬೆರಳಲ್ಲಿ ಒತ್ತಿ ಉಜ್ಜಬೇಡಿ. ನಾಲ್ಕು ಬೆರಳಿಗೆ ನಾಲ್ಕು ಗೆರೆ ಬೀಳುತ್ತದೆ. ಇಡೀ ಅಂಗೈ ಪ್ಯಾಡ್ ಮೇಲೆ ಕೂರಬೇಕು. ಸುತ್ತು ಸುತ್ತು ಬೇಡ, ನೇರ ಎಳೆಯಿರಿ. ಕಾರಿನ ಉದ್ದಕ್ಕೆ ಇಪ್ಪತ್ತು ಸಲ, ಅಡ್ಡಕ್ಕೆ ಇಪ್ಪತ್ತು ಸಲ, ಕೊನೆಗೆ ಮತ್ತೆ ಉದ್ದಕ್ಕೆ. ಸುತ್ತಿದರೆ ಬಿಸಿಲಲ್ಲಿ ಜೇಡರ ಬಲೆಯಂಥ ಗೀರು ಎದ್ದು ಕಾಣುತ್ತದೆ. ನೇರ ಗೀರು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಪ್ಯಾಡ್ ಕೆಳಗೆ ಕರಕರ ಅನ್ನಿಸುತ್ತದೆ. ಹತ್ತು ಹನ್ನೆರಡು ಎಳೆತದ ನಂತರ ಅದು ನುಣ್ಣಗೆ ಜಾರತೊಡಗುತ್ತದೆ. ಕಾಂಪೌಂಡ್ ಬೆಣ್ಣೆಯಂತಿದ್ದದ್ದು ತೆಳ್ಳಗೆ, ಎಣ್ಣೆ ಸವರಿದಂತೆ ಕಾಣುತ್ತದೆ. ಅಲ್ಲಿಂದಾಚೆ ಒತ್ತಡ ಕಡಿಮೆ ಮಾಡಿ. ಒಣಗುವ ಮೊದಲೇ ಒರೆಸಿ.

ಪ್ಯಾಡ್‌ಗೆ ಬಣ್ಣ ಬರುತ್ತಲೇ ಇರುತ್ತದೆ, ಹೆದರಬೇಡಿ. ಹೊರಗೆ ಬರುತ್ತಿರುವುದು ಸತ್ತ ಬಣ್ಣ. ಆದರೆ ಯಾವಾಗ ನಿಲ್ಲಿಸಬೇಕು ಅಂತ ಪ್ಯಾಡ್ ನೋಡಿದರೆ ತಿಳಿಯುವುದಿಲ್ಲ, ಅಲ್ವಾ? ತಗಡನ್ನೇ ನೋಡಬೇಕು. ಟಾರ್ಚ್ ಅನ್ನು ಓರೆಯಾಗಿ ಹಿಡಿಯಿರಿ. ದೀಪದ ಪ್ರತಿಬಿಂಬದ ಅಂಚು ಚೂಪಾಗಿ ಕಂಡರೆ ಸಾಕು. ಒಂದು ಜಾಗ ಸುತ್ತಲಿಗಿಂತ ತಿಳಿಯಾಗಿಯೋ ಬೂದಾಗಿಯೋ ಕಾಣತೊಡಗಿದರೆ ಆ ಕ್ಷಣವೇ ಕೈ ತೆಗೆಯಿರಿ. ಉಗುರಿಗೆ ಸಿಗುವ ಗೀರನ್ನು ತೆಗೆಯಲು ಹೋಗಬೇಡಿ. ಅದು ಹೋಗುವಷ್ಟರಲ್ಲಿ ಬಣ್ಣವೂ ಹೋಗಿರುತ್ತದೆ.

ಪ್ಯಾಡ್ ಮುಖ ಬಣ್ಣದಿಂದ ಮೆತ್ತಿಕೊಂಡರೆ ಬದಲಿಸಿ. ಇಡೀ ಕಾರಿಗೆ ಆರೇಳು ಪ್ಯಾಡ್ ಬೇಕು, ಒಂದರಲ್ಲೇ ಮುಗಿಸುವ ಜಿಪುಣತನ ಇಲ್ಲಿ ಸಲ್ಲದು. ದಿನಕ್ಕೆ ಬಾನೆಟ್ ಮತ್ತು ಎರಡು ಬಾಗಿಲು ಮುಗಿದರೆ ಸಾಕು. ರಟ್ಟೆ ಸೋತ ಮೇಲೆ ಒತ್ತಡದ ಹದ ತಪ್ಪುತ್ತದೆ.

ಕೊನೆಗೆ ಟೇಪ್ ಕಿತ್ತು, ಮುಚ್ಚಿದ್ದ ಅಂಚಿಗೆ ಎರಡು ಮೂರು ಸಲ ಹಗುರವಾಗಿ ಎಳೆಯಿರಿ, ಅಷ್ಟೇ.

ವ್ಯಾಕ್ಸ್

ಉಜ್ಜಿದ ದಿನವೇ ವ್ಯಾಕ್ಸ್ ಹಚ್ಚಿ. ಇಲ್ಲದಿದ್ದರೆ ತೆರೆದ ಬಣ್ಣ ಮತ್ತೆ ಬೇಗ ಮಂಕಾಗುತ್ತದೆ. ನನಗೆ ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಕಾರ್ನೌಬಾ ವ್ಯಾಕ್ಸೇ ಇಷ್ಟ. ಹಳೇ ಬಣ್ಣಕ್ಕೆ ಅದು ಕೊಡುವ ಬೆಚ್ಚನೆಯ ಹೊಳಪು ಬೇರೆಯದರಲ್ಲಿ ನಾನು ಕಂಡಿಲ್ಲ. ಹಚ್ಚಿದ್ದು ಕಂಡೂ ಕಾಣದಷ್ಟು ತೆಳ್ಳಗಿರಲಿ. ಬೆರಳೆಳೆದಾಗ ಅಂಟದೆ ಪುಡಿಯಾಗಿ ಬಂದರೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ.

ಕಾರಿಗೆ ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ಒಳಗೆ ತೇವ ನಿಲ್ಲುತ್ತದೆ. ಹತ್ತಿಯದು ಸಾಕು, ಅದೂ ಕಾರು ತೊಳೆದ ಮೇಲೆ ಮಾತ್ರ. ಮಳೆ ಬಂದಾಗ ಬಾನೆಟ್ ನೋಡಿ. ನೀರು ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತಿದ್ದರೆ ವ್ಯಾಕ್ಸ್ ಇದೆ. ಚಪ್ಪಟೆಯಾಗಿ ಹರಡಿದರೆ ಮುಂದಿನ ಭಾನುವಾರ ವ್ಯಾಕ್ಸ್ ಡಬ್ಬಿ ಮಾತ್ರ ತೆಗೆಯಿರಿ. ಕಾಂಪೌಂಡ್ ಅಲ್ಲ.