ಕೀಚಕ ಸತ್ತ ಮೇಲೂ ಮಾತಾಡಿದ!

ಅಡಿಕೆ ಸುಲಿಯುವಾಗ ಅಪ್ಪನಿಗೆ ಯಕ್ಷಗಾನ ಬೇಕೇ ಬೇಕು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಹಾಗಾಗಿ ಶಿವಮೊಗ್ಗದಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ಎಂಪಿ3 ಪ್ಲೇಯರ್, ಜೊತೆಗೆ 64 ಜಿಬಿ ಮೆಮೊರಿ ಕಾರ್ಡ್ ತಂದೆ.

ಕಾರ್ಡ್ ಹಾಕಿದರೆ ಪ್ಲೇಯರ್‌ಗೆ ಅದು ಕಾಣಿಸಲೇ ಇಲ್ಲ. ಡೂಪ್ಲಿಕೇಟ್ ಕೊಟ್ಟ ಅಂತ ಅಂಗಡಿಯವನನ್ನು ಸುಮ್ನೆ ಬೈದುಕೊಂಡೆ. ಅಸಲಿ ಕಾರಣ ಫಾರ್ಮ್ಯಾಟ್, ಅಂದರೆ ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ರೀತಿ. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿ ಬರುತ್ತವೆ. ಅಗ್ಗದ ಪ್ಲೇಯರ್‌ಗಳು ಹೆಚ್ಚಾಗಿ ಓದುವುದು ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟ್ ಮಾತ್ರ. ನನ್ನ ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ ಇಷ್ಟು ದೊಡ್ಡ ಕಾರ್ಡಿಗೆ ಫ್ಯಾಟ್32 ಆಯ್ಕೆಯೇ ಇರಲಿಲ್ಲ. ಬೇರೆ ಉಚಿತ ಸಾಫ್ಟ್‌ವೇರ್ ಹಾಕಿ ಫಾರ್ಮ್ಯಾಟ್ ಮಾಡಿದೆ, ಸದ್ದು ಬಂತು.

ಗೆದ್ದೆ ಅಂದುಕೊಂಡೆ. ರಾತ್ರಿ ಅಪ್ಪ ಮೆಟ್ಟುಗತ್ತಿ ಮುಂದೆ ಕೂತಲ್ಲಿಂದಲೇ ಕೂಗಿದರು: "ಇದೆಂಥದೋ ಮಾರಾಯ! ಕೀಚಕ ಸತ್ತಾಯ್ತು, ಈಗ ಮತ್ತೆ ಸೈರಂಧ್ರಿ ಹತ್ರ ಮಾತಾಡ್ತಿದಾನೆ!"

ಪ್ರಸಂಗ 12 ತುಂಡುಗಳಲ್ಲಿತ್ತು. 1 ಆದ ಮೇಲೆ 10, 11, 12, ಆಮೇಲೆ 2 ಬರುತ್ತಿತ್ತು. ಫೈಲುಗಳ ಹೆಸರನ್ನು 01, 02 ಅಂತ ಬದಲಿಸಿದೆ. ಆದರೂ ಅದೇ ಗೋಳು. ಕೊನೆಗೆ ಗೊತ್ತಾಯಿತು, ಈ ಪ್ಲೇಯರ್ ಹೆಸರು ನೋಡುವುದೇ ಇಲ್ಲ, ಕಾರ್ಡಿಗೆ ಕಾಪಿ ಆದ ಕ್ರಮದಲ್ಲೇ ಹಾಡುತ್ತದೆ. ಮತ್ತೆ ಫಾರ್ಮ್ಯಾಟ್ ಮಾಡಿ, ಒಂದೊಂದನ್ನೇ ಸಾಲಾಗಿ ಹಾಕಿದೆ. ಅರ್ಧ ಗಂಟೆ ಹಿಡಿಯಿತು, ಬೇಜಾರಿನ ಕೆಲಸ.

ಈಗ ಕೀಚಕ ಸರಿಯಾದ ಹೊತ್ತಿಗೆ ಸಾಯುತ್ತಾನೆ. ಇಯರ್‌ಫೋನ್ ಮಾತ್ರ ಅಪ್ಪನಿಗೆ ಒಗ್ಗಲಿಲ್ಲ. ಚಿಕ್ಕ ಸ್ಪೀಕರ್‌ಗೆ ವೈರ್ ಸಿಕ್ಕಿಸಿ, ಸುಲಿಯಲು ಬಂದವರಿಗೂ ಕೇಳಿಸುತ್ತಿದ್ದಾರೆ.