ಕಸೂತಿ ಹಾಕುವವರಿಗೆ ಖಣದ ಸೂಜಿ ಪುಸ್ತಕ

ಒಂದು ಸಲ ಧಾರವಾಡದ ನಮ್ಮ ವೈನಿಗೆ (ಅತ್ತಿಗೆಗೆ) ಅಂತ ಫ್ರೇಮ್ ಹಾಕಿದ ಕಸೂತಿ ನವಿಲು ಕೊಂಡು ಒಯ್ದಿದ್ದೆ. ಅವರು ಮುಂದಿನ ನವಿಲನ್ನು ಸರಿಯಾಗಿ ನೋಡಲೇ ಇಲ್ಲ. ಫ್ರೇಮ್ ತಿರುಗಿಸಿ, ಹಿಂದಿನ ರಟ್ಟನ್ನು ಉಗುರಿನಿಂದ ಸ್ವಲ್ಪ ಎತ್ತಿ, ಇಣುಕಿ ನೋಡಿ, "ಗಂಟ ಹಾಕ್ಯಾರಲ್ಲ ಇದಕ್ಕ" ಅಂದರು. ಅಷ್ಟೇ. ಆ ನವಿಲು ಆಮೇಲೆ ಅವರ ಮನೆಯ ಯಾವ ಗೋಡೆಯ ಮೇಲೂ ಕಾಣಲಿಲ್ಲ.

ತಪ್ಪು ನನ್ನದೇ. ಕಸೂತಿಯಲ್ಲಿ ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ, ಅದರಲ್ಲಿ ಗವಂತಿ ಮತ್ತು ಮುರ್ಗಿ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗ ತುಂಬೋದು. ಇಷ್ಟು ಕಟ್ಟುನಿಟ್ಟಾಗಿ ಎಳೆ ಎಣಿಸಿ ಕೂರುವವರಿಗೆ ಅಂಗಡಿಯ ಕಸೂತಿ ಕೊಟ್ಟರೆ ತಪ್ಪು ಹುಡುಕದೆ ಏನು ಮಾಡುತ್ತಾರೆ? ಅದಕ್ಕೇ ಈಗ ನಾನು ಅವರ ಕೆಲಸಕ್ಕೆ ಕೈಹಾಕೋದಿಲ್ಲ, ಅವರ ಸಾಮಾನಿಗೆ ಏನಾದರೂ ಮಾಡಿಕೊಡ್ತೀನಿ. ವೈನಿಯ ಸೂಜಿಗಳೆಲ್ಲ ಬಿಸ್ಕೆಟ್ ಡಬ್ಬಿಯೊಳಗೆ, ಹಳೇ ಕ್ಯಾಲೆಂಡರ್ ಚೂರಿಗೆ ಚುಚ್ಚಿಕೊಂಡು ಅರ್ಧ ತುಕ್ಕು ಹಿಡಿದಿದ್ದವು. ಅವರಿಗೆ ಬೇಕಿದ್ದದ್ದು ಸೂಜಿ ಪುಸ್ತಕ, ಅಂದರೆ ಬಟ್ಟೆಯ ಪುಟಗಳಿಗೆ ಸೂಜಿ ಚುಚ್ಚಿಡುವ ಪುಟ್ಟ ಪುಸ್ತಕ.

ಹೊರಗಿನ ಹೊದಿಕೆಗೆ ಖಣದ ಚೂರು ತಗೊಳ್ಳಿ. ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿದು ಉಳಿದ ತುಂಡು ಸಾಕು, ಹೊಸದು ಕೊಳ್ಳೋದು ಬೇಡ. 20 ಸೆಂ.ಮೀ ಉದ್ದ, 12 ಸೆಂ.ಮೀ ಅಗಲ ಕತ್ತರಿಸಿ. ದಡಿ ಇದ್ದರೆ ಅದು ಕೆಳಗಡೆ ಉದ್ದಕ್ಕೂ ಬರುವ ಹಾಗೆ ನೋಡಿಕೊಳ್ಳಿ, ಆದರೆ ಹೊಲಿಗೆಯೊಳಗೆ 1 ಸೆಂ.ಮೀ ಹೋಗುತ್ತೆ ಅನ್ನೋದು ನೆನಪಿರಲಿ, ಇಲ್ಲಾಂದ್ರೆ ಚೆಂದದ ದಡಿಯೆಲ್ಲ ಒಳಗೇ ಅಡಗಿಹೋಗುತ್ತೆ. ಒಳಗಡೆಗೆ ಅದೇ ಅಳತೆಯ ಹತ್ತಿ ಬಟ್ಟೆ, ಹಳೇ ಪಂಚೆ ಆದರೆ ಬಹಳ ಒಳ್ಳೇದು. ಖಣದ ಹಿಂಬದಿಗೆ 17.5 × 9.5 ಸೆಂ.ಮೀ ಅಳತೆಯ, ಇಸ್ತ್ರಿ ಹಾಕಿದರೆ ಅಂಟುವ ಬಕ್ರಂ ಇಟ್ಟು, ಮೇಲೊಂದು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಮಾಡಿ. ಶಾಖ ಜಾಸ್ತಿ ಬೇಡ, ಖಣದಲ್ಲಿ ರೇಷ್ಮೆ ಎಳೆ ಇದ್ದರೆ ಹೊಳಪು ಹೋಗುತ್ತೆ. ಖಣ ಅಂಚಿನಲ್ಲಿ ಎಳೆ ಬಿಡುತ್ತೆ, ಆದ್ದರಿಂದ ಕತ್ತರಿಸಿದ ಮೇಲೆ ಸುಮ್ನೆ ಎಳೆದಾಡಬೇಡಿ.

ಈಗ ಎರಡೂ ಬಟ್ಟೆಯ ಚೆಂದದ ಮೈ ಒಳಗೆ ಬರುವಂತೆ ಒಂದರ ಮೇಲೊಂದು ಇಟ್ಟು ಸುತ್ತ ಹೊಲಿಯಿರಿ. ಒಂದು ಕಡೆ 4 ಸೆಂ.ಮೀ ಬಿಡಿ. ಮೂಲೆಗಳನ್ನು ಹೊಲಿಗೆಗೆ ತಾಗದ ಹಾಗೆ ಓರೆಯಾಗಿ ಕತ್ತರಿಸಿದರೆ ತಿರುಗಿಸಿದಾಗ ಗುಡ್ಡೆ ಕಟ್ಟಲ್ಲ. ಬಿಟ್ಟ ಜಾಗದಿಂದ ತಿರುಗಿಸಿ, ಪೆನ್ಸಿಲಿನ ಮೊಂಡು ತುದಿಯಿಂದ ಮೂಲೆ ಹೊರಗೆ ತಳ್ಳಿ, ಇಸ್ತ್ರಿ ಹಾಕಿ, ಬಾಯಿಯನ್ನು ಹೆಮ್ಮಿಂಗ್ ಮಾಡಿ ಮುಚ್ಚಿ.

ಪುಟಗಳೇ ಮುಖ್ಯ. ಹತ್ತಿ ಬಟ್ಟೆ ತೇವ ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತೆ, ಮಳೆಗಾಲದಲ್ಲಿ ಸೂಜಿಗೆ ಅದೇ ಶತ್ರು. ಉಣ್ಣೆ ಬೇಕು. ಒಗೆದು ಒಗೆದು ಕುಗ್ಗಿದ ಸ್ವೆಟರ್, ಹರಿದ ಉಣ್ಣೆ ಶಾಲು ಯಾವುದಾದರೂ ಆಗುತ್ತೆ. 16 × 8 ಸೆಂ.ಮೀ ಅಳತೆಯ ಎರಡು ತುಂಡು ಕತ್ತರಿಸಿ, ಅಂಚಿಗೆ ಕಾಜಾ ಹೊಲಿಗೆ ಹಾಕಿ, ಎರಡನ್ನೂ ಮಧ್ಯಕ್ಕೆ ಇಟ್ಟು ಬೆನ್ನಿನ ಉದ್ದಕ್ಕೂ ಹೊದಿಕೆಯ ಜೊತೆ ಸೇರಿಸಿ ಹೊಲಿದರೆ ನಾಲ್ಕು ಪುಟ ಸಿದ್ಧ. ಮುಚ್ಚಲು ಒಂದು ಟಿಚ್ ಬಟನ್. ನನಗೆ ಇದೆಲ್ಲ ಒಂದು ಮಧ್ಯಾಹ್ನದ ಕೆಲಸ, ಕಾಜಾ ಹೊಲಿಗೆಯೊಂದೇ ಅರ್ಧ ಹೊತ್ತು ತಿಂತು.

ಖಾಲಿ ಪುಸ್ತಕ ಕೊಡಬೇಡಿ. ಮ್ಯಾಟಿ ಬಟ್ಟೆಯ ಮೇಲೆ ಎಣಿಸಿ ಹಾಕುವವರಿಗೆ ಮೊಂಡು ತುದಿಯ ಟ್ಯಾಪೆಸ್ಟ್ರಿ ಸೂಜಿ, 24 ಮತ್ತು 26 ನಂಬರಿನವು ಚುಚ್ಚಿ ಕೊಡಿ. ನಂಬರ್ ದೊಡ್ಡದಾದಷ್ಟೂ ಸೂಜಿ ಸಣ್ಣದು, ಅಂಗಡಿಯಲ್ಲಿ ಉಲ್ಟಾ ಕೇಳಿ ತಂದು ನಾನು ಪೇಚಾಡಿದ್ದೀನಿ.

ಇನ್ನೂ ಹೊತ್ತಿದ್ದರೆ ಜೊತೆಗೆ ದಾರ ಸುತ್ತುವ ಕಾರ್ಡು ಮಾಡಿ. ಇದಕ್ಕೆ ಹಳೇ ಲಗ್ನಪತ್ರಿಕೆಗಿಂತ ಒಳ್ಳೆಯ ರಟ್ಟು ಇಲ್ಲ, ಅಲ್ವಾ? ದಪ್ಪ, ನುಣುಪು, ಪ್ರತಿ ಮನೆಯಲ್ಲೂ ಕಟ್ಟುಗಟ್ಟಲೆ ಬಿದ್ದಿರುತ್ತೆ. (ಗಣಪತಿ ಚಿತ್ರ ಇರುವ ಭಾಗ ಕತ್ತರಿಸಬೇಡಿ, ಬೈಗುಳ ತಿಂದವಳು ಹೇಳ್ತಿದ್ದೀನಿ.) 4 ಸೆಂ.ಮೀ ಚೌಕ, ಎರಡು ಬದಿಗೆ ಸಣ್ಣ ಕಚ್ಚು, ತಲೆಗೆ ಪಂಚ್ ಮಾಡಿದ ತೂತು. ಕಸೂತಿ ದಾರದ ಒಂದು ಲಡಿ ಸಾಮಾನ್ಯವಾಗಿ 8 ಮೀಟರ್, 6 ಎಳೆ, ಅಷ್ಟೂ ಒಂದು ಕಾರ್ಡಿಗೆ ಆರಾಮಾಗಿ ಹಿಡಿಯುತ್ತೆ. ಬಣ್ಣದ ನಂಬರನ್ನು ಕಾರ್ಡಿನ ಮೇಲೆ ಬರೆಯಲೇಬೇಕು, ತೇರಿನ ಕಳಸ ಅರ್ಧಕ್ಕೆ ಬಂದಾಗ ದಾರ ಮುಗಿದರೆ ಅದೇ ಕೆಂಪು ಹುಡುಕೋಕೆ ಬೇರೆ ದಾರಿ ಇಲ್ಲ.

ಪಿನ್ ಚುಚ್ಚುವ ಮೆತ್ತೆಯೂ ಸುಲಭ. ಒಳಗೆ ಅಕ್ಕಿಯನ್ನಂತೂ ತುಂಬಬೇಡಿ, ಹುಳ ಬರುತ್ತೆ. ಹಳೇ ಕಂಬಳಿಯ ಚೂರುಗಳನ್ನು ಸಣ್ಣಗೆ ಕತ್ತರಿಸಿ ಗಟ್ಟಿಯಾಗಿ ತುಂಬಿ. ಏನೂ ಹೊಲಿಯೋಕೆ ಬರದವರು ಕಸೂತಿ ಹಾಕುವಾಗ ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ರಿಂಗ್ ಒಂದನ್ನು ಕೊಂಡು, ಅದರ ಒಳಬಳೆಗೆ ಹತ್ತಿ ಟೇಪನ್ನು ಬಿಗಿಯಾಗಿ ಸುತ್ತಿ ಕೊಡಬಹುದು. ಬಟ್ಟೆ ಜಾರಲ್ಲ, ರೇಷ್ಮೆಯ ಮೇಲೆ ಬಳೆಯ ಗುರುತೂ ಅಷ್ಟು ಬೀಳಲ್ಲ.

ಕೊಡುವಾಗ ಒಂದು ಮಾತು. ಸೂಜಿ, ಕತ್ತರಿ ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತೆ ಅನ್ನುವವರು ಇದ್ದಾರೆ, ವೈನಿಯೂ ಅವರಲ್ಲೊಬ್ಬರು. ಹಾಗಾಗಿ ಪುಸ್ತಕವನ್ನು ಟೀಪಾಯಿ ಮೇಲಿಟ್ಟೆ. ಅವರು ಎತ್ತಿಕೊಂಡು, ತೆರೆದು, ಪುಟ ಮಗುಚಿ, ಕೊನೆಗೆ ನಾನು ಅಂದುಕೊಂಡ ಹಾಗೇ ಹಿಂದೆ ತಿರುಗಿಸಿ ಗಂಟು ಹುಡುಕಿದರು. ಅದನ್ನು ನಾನು ಪಂಚೆಯ ಒಳಗೆ ಬಚ್ಚಿಟ್ಟಿದ್ದೆ.